ನನ್ನ ತಮ್ಮನ ಸಂಜೆಯ ಗಣಿತ

ನನ್ನ ತಮ್ಮನಿಗೆ ಮಾತೇ ಬರುವುದಿಲ್ಲ ಎಂದು ಯಾರೂ ತಿಳಿಯಬೇಡಿ. ಲಿಫ್ಟಿನ ವಿಷಯ ಎತ್ತಿ ನೋಡಿ, ಅವನ ಬಾಯಿ ಮುಚ್ಚಿಸುವುದೇ ಕಷ್ಟ. ಯಾವ ಕಟ್ಟಡದ ಲಿಫ್ಟಿನ ಬ್ರೇಕು ಸವೆದಿದೆ, ಯಾವ ಆಸ್ಪತ್ರೆಯಲ್ಲಿ ಬಾಗಿಲು ಕಿರುಗುಟ್ಟುತ್ತದೆ, ಯಾವ ಬ್ಯಾಂಕಿನವರು ಹತ್ತು ಜನರ ಲಿಫ್ಟಿಗೆ ಬೀರು ತುರುಕಿ ಆಮೇಲೆ ಇವನ ಮೇಲೆ ಕೂಗಾಡಿದರು, ಎಲ್ಲ ಹೇಳುತ್ತಾನೆ. ಮನೆಗೆ ಬಂದು ಬೂಟು ಬಿಚ್ಚಿದನೆಂದರೆ ಮಾತ್ರ ಬಾಯಿಗೆ ಬೀಗ.

ನಾವಿರುವುದು ಒಂದೇ ಕಟ್ಟಡದಲ್ಲಿ. ರಸ್ತೆಗೆ ತೆರೆದುಕೊಂಡ ಕೆಳಗಿನ ಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರವಿದೆ. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ಪು ಬದಲಿಸುವುದು, ದಪ್ಪಗಾದವರ ಅಂಗಿಯ ಹೊಲಿಗೆ ಬಿಡಿಸಿ ಅವರ ಮಾನ ಕಾಪಾಡುವುದು ನನ್ನ ಕಸುಬು. ನನ್ನ ತಮ್ಮ ತನ್ನ ಮಗಳು ಪುಟ್ಟಿಯ ಜೊತೆ ಮೂರನೆಯ ಮಹಡಿಯಲ್ಲಿದ್ದಾನೆ. ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವವನ ಮನೆಗೆ ಲಿಫ್ಟಿಲ್ಲ. ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುವಾಗಲೆಲ್ಲ ನಾನು ಅದನ್ನು ಅವನ ಮುಖಕ್ಕೇ ಹೇಳುತ್ತೇನೆ. ಅವನು ನಗುತ್ತಾನೆ, ಅಷ್ಟೇ.

ಆ ಮನೆಯಲ್ಲಿ ಮಾತು ಎಂದರೆ ತಮ್ಮನ ಹೆಂಡತಿ. ಅಪ್ಪನ ಮಾತನ್ನು ಮಗಳಿಗೆ, ಮಗಳ ಮಾತನ್ನು ಅಪ್ಪನಿಗೆ ತಲುಪಿಸುತ್ತಿದ್ದವಳು ಅವಳೇ. ‘ನಿಮ್ಮಪ್ಪನಿಗೆ ನಿನ್ನ ಚಿತ್ರ ತುಂಬ ಇಷ್ಟ ಆಯ್ತಂತೆ’, ‘ಪುಟ್ಟಿಗೆ ಹೊಸ ಬ್ಯಾಗ್ ಬೇಕಂತೆ’, ಹೀಗೆ. ಅವರಿಬ್ಬರೂ ಎದುರೆದುರು ಕೂತಿದ್ದರೂ ನಡುವೆ ಇವಳು. ಪುಟ್ಟಿ ಇನ್ನೂ ಶಾಲೆಯಲ್ಲಿದ್ದಾಗ ಅವಳಮ್ಮ ಕಾಯಿಲೆ ಬಿದ್ದು ತೀರಿಕೊಂಡಳು. ಆಮೇಲೆ ಅಪ್ಪ ಮಗಳು ಒಂದೇ ಮೇಜಿನಲ್ಲಿ ಊಟ ಮಾಡಿದರು, ಒಂದೇ ಬಾಗಿಲಿನ ಎರಡು ಬೀಗದ ಕೈ ಇಟ್ಟುಕೊಂಡರು, ಮಾತು ಮಾತ್ರ ಮರೆತರು. ಜಗಳವಿಲ್ಲ, ಮುನಿಸಿಲ್ಲ. ಮುನಿಸಿದ್ದರೆ ನಾನೇ ನಡುವೆ ಹೋಗಿ ಇಬ್ಬರಿಗೂ ನಾಲ್ಕು ಬಾರಿಸುತ್ತಿದ್ದೆ. ಏನೂ ಇಲ್ಲದ ಕಡೆ ಯಾರಿಗೆ ಬಾರಿಸುವುದು ಹೇಳಿ.

ಪುಟ್ಟಿ ಕಂಪ್ಯೂಟರ್ ಸೈನ್ಸ್ ಓದಲು ಕಾಲೇಜಿಗೆ ಸೇರಿದಳು. ದಿನಾ ಸಂಜೆ ತಮ್ಮ ಕೇಳುತ್ತಿದ್ದ, ‘ಕಾಲೇಜು ಹೇಗಿದೆ?’ ಅವಳು, ‘ಪರವಾಗಿಲ್ಲ.’ ‘ಊಟ ಆಯ್ತಾ?’ ‘ಆಯ್ತು.’ ಇದಿಷ್ಟು ಮುಗಿದರೆ ಅವಳು ಕೋಣೆಗೆ, ಇವನು ಬಾಲ್ಕನಿಗೆ. ಒಂದು ದಿನ ನನ್ನ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು ಅವನು ಹೇಳಿದ, ‘ಅಕ್ಕ, ಅವಳು ಒಂದು ಪದಕ್ಕಿಂತ ಜಾಸ್ತಿ ಉತ್ತರ ಕೊಡೋ ಅಂಥ ಪ್ರಶ್ನೆ ಒಂದು ಕೇಳಬೇಕು ನಾನು. ಅಷ್ಟು ಸಾಕು ನನಗೆ.’

‘ಕೇಳಪ್ಪ, ಯಾರು ಬೇಡ ಅಂದ್ರು?’ ಎಂದೆ.

‘ಏನು ಕೇಳಬೇಕು ಅಂತಾನೇ ಗೊತ್ತಾಗಲ್ಲ. ಅವಳು ಓದೋದರಲ್ಲಿ ಒಂದಕ್ಷರ ನನಗೆ ಬರಲ್ಲ.’

ಮುಂದಿನ ವಾರ ನೋಡಿದರೆ ಈ ಮಹಾರಾಯ ಸಂಜೆ ಕಾಲೇಜಿನಲ್ಲಿ ಹೆಸರು ಬರೆಸಿ ಬಂದಿದ್ದ. ಕೆಲಸಕ್ಕೆ ಹೋಗುವವರಿಗೆಂದೇ ನಡೆಸುವ ತರಗತಿಗಳು. ಮಗಳ ಮೊದಲ ವರ್ಷದ ಪುಸ್ತಕಗಳಲ್ಲಿ ಎಲ್ಲಕ್ಕಿಂತ ದಪ್ಪಗಿದ್ದುದರ ಹೆಸರು ನೋಡಿಕೊಂಡು ಹೋಗಿ ಅದನ್ನೇ ಕೇಳಿದ್ದ. ಡಿಸ್ಕ್ರೀಟ್ ಮ್ಯಾಥಮ್ಯಾಟಿಕ್ಸ್. ಮಗಳಿಗೆ ಓವರ್‌ಟೈಮ್ ಎಂದು ಹೇಳಿದ. ಒಂದಿಷ್ಟು ಕಲಿತ ಮೇಲೆ ತಾನಾಗಿಯೇ ಮಾತು ತೆಗೆಯುವುದು ಅವನ ಲೆಕ್ಕ.

‘ಕಂಪ್ಯೂಟರೇ ಇಲ್ಲದ ಕಂಪ್ಯೂಟರ್ ಪಾಠ ಎಂಥದ್ದೋ ಅದು?’ ಎಂದು ನಾನು ಗೇಲಿ ಮಾಡಿದೆ.

‘ಅದು ಅಡಿಪಾಯ ಅಂತೆ ಅಕ್ಕ. ಯಂತ್ರಕ್ಕೆ ಹೌದು, ಇಲ್ಲ, ಇವೆರಡು ಬಿಟ್ಟು ಇನ್ನೇನೂ ಗೊತ್ತಿಲ್ಲ. ನಾವು ಹೇಳೋದನ್ನೆಲ್ಲ ಹೌದು ಇಲ್ಲಗಳಲ್ಲಿ ಜೋಡಿಸಿ ಹೇಳಬೇಕು. ಬಿಡಿಬಿಡಿಯಾಗಿ ಎಣಿಸೋಕೆ ಬರೋ ವಸ್ತುಗಳ ಗಣಿತ ಇದು. ನಮ್ಮ ಮಹಡಿಗಳ ಹಾಗೆ. ಲಿಫ್ಟು ಎರಡರಲ್ಲಿ ನಿಲ್ಲುತ್ತೆ, ಮೂರರಲ್ಲಿ ನಿಲ್ಲುತ್ತೆ. ಎರಡೂವರೆಯಲ್ಲಿ ನಿಲ್ಲಲ್ಲ.’

‘ನಿಂತರೆ?’

‘ನಿಂತರೆ ನನಗೆ ಫೋನ್ ಬರುತ್ತೆ.’

ಅವನು ತಮಾಷೆ ಮಾಡಿದ್ದು ಕೇಳಿ ಎಷ್ಟು ಕಾಲವಾಗಿತ್ತೋ. ನಾನು ನಕ್ಕು ನಕ್ಕು ಬೆರಳಿಗೆ ಸೂಜಿ ಚುಚ್ಚಿಸಿಕೊಂಡೆ.

ಪಾಠ ಹೇಳುತ್ತಿದ್ದವರು ನಿವೃತ್ತಿಗೆ ಹತ್ತಿರವಿದ್ದ ಒಬ್ಬ ಮೇಡಂ. ಮೊದಲು ತರ್ಕ. ‘ಹೀಗಿದ್ದರೆ ಹಾಗೆ’ ಎಂಬ ರೀತಿಯ ಒಂದು ಮಾತು ಹೇಳಿ ಎಂದು ಅವರು ಒಬ್ಬೊಬ್ಬರನ್ನೇ ಕೇಳಿದರಂತೆ. ಇವನ ಸರದಿ ಬಂದಾಗ ಬೆವರುತ್ತಾ ಎದ್ದು ನಿಂತು ಹೇಳಿದ್ದು, ‘ಲಿಫ್ಟು ಓಡ್ತಾ ಇದ್ದರೆ ಬಾಗಿಲು ಮುಚ್ಚಿದೆ.’ ಮೇಡಂ, ‘ಚೆನ್ನಾಗಿದೆ. ಇದನ್ನ ತಿರುಗಿಸಿ ಹೇಳಬಹುದಾ? ಬಾಗಿಲು ಮುಚ್ಚಿದ್ದರೆ ಲಿಫ್ಟು ಓಡ್ತಾ ಇದೆ ಅಂತ?’ ಎಂದರು. ‘ಇಲ್ಲ ಮೇಡಂ. ಬಾಗಿಲು ಮುಚ್ಚಿಕೊಂಡು ಸುಮ್ಮನೆ ನಿಂತಿರಬಹುದು.’ ಹುಡುಗರು ಮೇಜು ತಟ್ಟಿದರಂತೆ. ಅದನ್ನು ನನಗೆ ಹೇಳುವಾಗ ಅವನ ಮುಖ ನೋಡಬೇಕಿತ್ತು ನೀವು.

ಬುದ್ಧಿವಂತ ವಿದ್ಯಾರ್ಥಿಯೇನಲ್ಲ ಅವನು. ಎಣಿಕೆಯ ಲೆಕ್ಕಗಳಲ್ಲಿ, ಇಷ್ಟು ಜನರನ್ನು ಇಷ್ಟು ಕುರ್ಚಿಯಲ್ಲಿ ಎಷ್ಟು ರೀತಿ ಕೂರಿಸಬಹುದು ಎನ್ನುವ ಕಡೆ, ಪ್ರತಿ ಸಲ ಮುಗ್ಗರಿಸುತ್ತಿದ್ದ. ಆದರೂ ದಿನಗಳು ಹೋದಂತೆ ಒಂದು ವಿಚಿತ್ರ ಶುರುವಾಯಿತು. ಮಗಳಿಗಾಗಿ ಕಲಿಯಲು ಹೋದವನಿಗೆ ಅದರ ಹುಚ್ಚೇ ಹತ್ತಿತು. ತರಗತಿ ಮುಗಿಸಿ ನೇರ ನನ್ನ ಕೋಣೆಗೆ ಬಂದು, ಬಟ್ಟೆಗೆ ಗುರುತು ಹಾಕುವ ನನ್ನ ಸೀಮೆಸುಣ್ಣ ಎತ್ತಿಕೊಂಡು, ಗಿರಾಕಿಯ ಪ್ಯಾಂಟು ಸುತ್ತಿದ ಕಾಗದದ ಮೇಲೆ ವೃತ್ತಗಳನ್ನು ಬರೆಯುವುದು. ‘ನೋಡಕ್ಕ, ಇದು ಒಂದು ಗಣ, ಇದು ಇನ್ನೊಂದು.’ ನನಗೆ ಆಕಳಿಕೆ ಬರುತ್ತಿತ್ತು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಹೂಂ ಹೂಂ ಎನ್ನುತ್ತಿದ್ದೆ. ನನ್ನ ಕಣ್ಣು ಮುಚ್ಚಿದ್ದು ಕಂಡರೆ ಅವನು ಸೀಮೆಸುಣ್ಣ ಮೆಲ್ಲಗೆ ಡಬ್ಬಿಗೆ ಹಾಕಿ ಮೇಲೆ ಹೋಗುತ್ತಿದ್ದ. ಪಾಪ, ಅಷ್ಟು ಸಂತೋಷವನ್ನು ಇಟ್ಟುಕೊಂಡು ಮಾಡುವುದಾದರೂ ಏನು, ಹೇಳಿಕೊಳ್ಳಲು ನಾನೊಬ್ಬಳು ದಡ್ಡಿ ಬಿಟ್ಟರೆ ಯಾರೂ ಇಲ್ಲ.

ಅವನನ್ನು ತುಂಬ ಕಾಡಿದ್ದು ಇಂಡಕ್ಷನ್ ಎಂಬ ಪಾಠ. ಲೆಕ್ಕವಿಲ್ಲದಷ್ಟು ಸಂಖ್ಯೆಗಳಿಗೆ ಒಂದು ಮಾತು ನಿಜ ಎಂದು ತೋರಿಸಬೇಕು, ಒಂದೊಂದಾಗಿ ನೋಡುತ್ತ ಕೂತರೆ ಆಯುಸ್ಸು ಸಾಲದು. ಅದಕ್ಕೆ ಎರಡು ಕೆಲಸ ಮಾಡಬೇಕಂತೆ. ಮೊದಲನೆಯ ಸಂಖ್ಯೆಗೆ ನಿಜ ಎಂದು ತೋರಿಸುವುದು. ಯಾವುದೋ ಒಂದಕ್ಕೆ ನಿಜವಾದರೆ ಅದರ ಮುಂದಿನದಕ್ಕೂ ನಿಜ ಎಂದು ತೋರಿಸುವುದು. ಇವನು ಎರಡನೆಯದನ್ನು ಬರೆದು ಮೊದಲನೆಯದನ್ನು ಬಿಟ್ಟುಬಿಡುತ್ತಿದ್ದ. ಮೇಡಂ ಕೊನೆಗೆ ಇವನ ಭಾಷೆಯಲ್ಲೇ ಹೇಳಿದರಂತೆ, ‘ನಿಮ್ಮ ಲಿಫ್ಟು ಯಾವ ಮಹಡಿಯಲ್ಲಿದ್ದರೂ ಮೇಲಿನ ಮಹಡಿಗೆ ಹೋಗುತ್ತೆ ಅಂತ ತೋರಿಸಿದ್ದೀರಿ. ಕೆಳಗಿಂದ ಹೊರಟಿದೆ ಅಂತ ಎಲ್ಲಿ ತೋರಿಸಿದ್ದೀರಿ?’ ಆ ದಿನ ಅವನು ನನ್ನ ಕಣ್ಣು ಮುಚ್ಚಿದರೂ ಬಿಡಲಿಲ್ಲ, ಭುಜ ಅಲ್ಲಾಡಿಸಿ ಎಬ್ಬಿಸಿ ಪೂರ್ತಿ ಹೇಳಿದ. ‘ಈಗ ಕೇಳ್ತೀನಿ ಅಕ್ಕ ಪುಟ್ಟಿನ. ಇದನ್ನೇ ಕೇಳ್ತೀನಿ’ ಎಂದ.

ಭಾನುವಾರ ಮಧ್ಯಾಹ್ನ ನನ್ನ ಊಟ ಮೇಲಿನ ಮನೆಯಲ್ಲಿ. ಮೂವರೂ ಬಡಿಸಿಕೊಂಡು ಕೂತೆವು. ತಮ್ಮ ಗಂಟಲು ಸರಿಮಾಡಿಕೊಂಡ. ಮತ್ತೆ ಸರಿಮಾಡಿಕೊಂಡ. ನಾನು ಮೇಜಿನ ಕೆಳಗೆ ಕಾಲಿನಿಂದ ತಿವಿದೆ.

‘ಪುಟ್ಟೀ, ನಿಮ್ಮ ಕಾಲೇಜಲ್ಲಿ ಡಿಸ್ಕ್ರೀಟ್ ಮ್ಯಾಥ್ಸ್ ಇದೆಯಲ್ಲ, ಅದರಲ್ಲಿ ಇಂಡಕ್ಷನ್ ಮಾಡಿದ್ರಾ?’

ಅವಳ ಕೈ ತಟ್ಟೆಯಲ್ಲೇ ನಿಂತಿತು. ಮುಖ ಬಿಳುಚಿಕೊಂಡಿತು.

‘ನಿನಗೆ ಯಾರು ಹೇಳಿದ್ರು?’

‘ಏನನ್ನ?’

‘ನಾನು ಅದರಲ್ಲಿ ಫೇಲಾಗಿದ್ದು.’

ಆಮೇಲೆ ಎಲ್ಲ ಹೊರಬಂತು. ಮೊದಲ ಪರೀಕ್ಷೆಯಲ್ಲಿ ಆ ಪೇಪರು ಹೋಗಿತ್ತು. ಫಲಿತಾಂಶ ಬಂದ ಮರುದಿನದಿಂದ ಅವಳು ಕಾಲೇಜಿಗೇ ಹೋಗಿರಲಿಲ್ಲ. ಬೆಳಿಗ್ಗೆ ಬ್ಯಾಗು ಹಾಕಿಕೊಂಡು ಹೊರಟು ಒಂದು ಚಪ್ಪಲಿ ಅಂಗಡಿಯ ಗೋದಾಮಿನಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದಳು. ಸಂಜೆ ಬಂದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಓದುವಾಗ ಬಾಗಿಲು ಹಾಕಿಕೊಳ್ಳುವುದು ಅವಳ ಚಿಕ್ಕಂದಿನ ಅಭ್ಯಾಸ. ಬಾಗಿಲು ಹಾಕಿದೆ, ಹಾಗಾದರೆ ಓದುತ್ತಿದ್ದಾಳೆ ಎಂದುಕೊಂಡು ನನ್ನ ತಮ್ಮ ಟೀ ಲೋಟವನ್ನೂ ಸದ್ದಾಗದಂತೆ ಇಟ್ಟು ತುದಿಗಾಲಲ್ಲಿ ಓಡಾಡುತ್ತಿದ್ದ. ತರಗತಿಯಲ್ಲಿ ಹಾಗೆ ತಿರುಗಿಸಿ ಹೇಳಬಾರದು ಎಂದು ಮೇಜು ತಟ್ಟಿಸಿಕೊಂಡವನು ಮನೆಯಲ್ಲಿ ತಿಂಗಳುಗಟ್ಟಲೆ ಅದನ್ನೇ ತಿರುಗಿಸಿಕೊಂಡು ಕೂತಿದ್ದ.

ನನಗೆ ಮೈಯೆಲ್ಲ ಉರಿದುಹೋಯಿತು. ‘ಅಲ್ವೇ, ಅಪ್ಪ ಹಗ್ಗ ಹಿಡ್ಕೊಂಡು ಲಿಫ್ಟಿನ ಗುಂಡಿಗೆ ಇಳೀತಾನೆ ನಿನಗೋಸ್ಕರ, ನೀನು ಅವನ ಕಣ್ಣಿಗೆ ಮಣ್ಣೆರಚಿ...’ ಎಂದು ಶುರುಮಾಡಿದೆ. ತಮ್ಮ ಕೈ ಎತ್ತಿ ನನ್ನನ್ನು ತಡೆದ. ಅವನು ಬೈಯಲಿಲ್ಲ. ತಟ್ಟೆ ನೋಡುತ್ತ ಹೇಳಿದ:

‘ನನಗೂ ಅದು ತಲೆಗೆ ಹತ್ತುತ್ತಿಲ್ಲ ಪುಟ್ಟಿ.’

ನನಗೆ ತುತ್ತು ನೆತ್ತಿಗೇರಿತು. ಭುಜ ಅಲ್ಲಾಡಿಸಿ ಎಬ್ಬಿಸಿ ಹೇಳಿಕೊಟ್ಟವನು ಇವನೇ ಅಲ್ಲವೇ!

‘ನೀನ್ಯಾಕೆ ಅದನ್ನ ಓದ್ತಿದ್ದೀಯ?’ ಪುಟ್ಟಿ ಕೇಳಿದಳು.

‘ಓವರ್‌ಟೈಮ್ ಅಂದಿದ್ದು ಸುಳ್ಳು. ಸಂಜೆ ಕ್ಲಾಸಿಗೆ ಹೋಗ್ತಿದ್ದೀನಿ. ಹೊಸ ಲಿಫ್ಟೆಲ್ಲ ಕಂಪ್ಯೂಟರಿನವೇ ಬರ್ತಿವೆ ಅಂತ ಸೇರ್ಕೊಂಡೆ. ಏನೂ ಅರ್ಥ ಆಗಲ್ಲ. ಗಣಗಳೇ ಸರಿಯಾಗಿ ಬರಲ್ಲ.’

‘ಅಯ್ಯೋ, ಗಣಗಳು ಸುಲಭ ಅಪ್ಪ!’ ಎಂದಳು ಅವಳು. ಆ ಮನೆಯಲ್ಲಿ ಅಷ್ಟು ಗಟ್ಟಿಯಾದ ದನಿ ಅವಳಮ್ಮ ಹೋದ ಮೇಲೆ ನಾನು ಕೇಳಿದ್ದು ಅದೇ ಮೊದಲು. ತಟ್ಟೆ ಪಕ್ಕಕ್ಕೆ ಸರಿಸಿ, ಲೋಟಗಳನ್ನು ಒಂದು ಕಡೆ, ಚಮಚಗಳನ್ನು ಇನ್ನೊಂದು ಕಡೆ ಜೋಡಿಸಿ ವಿವರಿಸತೊಡಗಿದಳು. ಅವನು ತಲೆ ಕೆರೆದುಕೊಂಡ, ಬೇಕೆಂದೇ ಒಂದು ಪೆದ್ದು ಪ್ರಶ್ನೆ ಕೇಳಿದ. ಅವಳು ‘ಅಲ್ಲಪ್ಪಾ’ ಎಂದು ರಾಗ ಎಳೆದು ಮತ್ತೆ ಹೇಳಿದಳು. ನಾನು ಎದ್ದು ಪಾತ್ರೆ ತೊಳೆಯಲು ಹೋದೆ, ಕಣ್ಣೊರೆಸಿಕೊಳ್ಳಬೇಕಿತ್ತು.

ಅಲ್ಲಿಂದ ಸಂಜೆಗಳೆಲ್ಲ ಅವರಿಬ್ಬರದಾದವು. ಅಪ್ಪನಿಗೆ ಹೇಳಿಕೊಡಬೇಕೆಂದು ಅವಳು ಓದಲೇಬೇಕಾಯಿತು. ಓದುತ್ತ ಓದುತ್ತ ಮರುಪರೀಕ್ಷೆಗೆ ಕೂರುತ್ತೇನೆ ಎಂದಳು, ಕಾಲೇಜಿನಲ್ಲಿ ಅವಳ ಹೆಸರು ಇನ್ನೂ ತೆಗೆದುಹಾಕಿರಲಿಲ್ಲ. ಗೋದಾಮಿನ ಕೆಲಸ ಅರ್ಧ ದಿನಕ್ಕೆ ಇಳಿಸಿಕೊಂಡಳು. ಮೆಟ್ಟಿಲಲ್ಲಿ ಸಿಕ್ಕರೆ, ‘ಅತ್ತೆ, ನಿಮ್ಮ ತಮ್ಮನಿಗೆ ಎಷ್ಟು ಸಲ ಹೇಳಿದ್ರೂ ಅಷ್ಟೇ’ ಎಂದು ದೂರು ಹೇಳುವಳು. ಹೇಳುವಾಗ ಮುಖ ಅರಳಿರುತ್ತಿತ್ತು. ನಾನು ತುಟಿ ಕಚ್ಚಿಕೊಂಡು, ‘ಮೊದಲಿಂದಲೂ ಮರದ ತಲೆ ಅವನದು’ ಎನ್ನುತ್ತಿದ್ದೆ.

ಆದರೆ ನನ್ನ ತಮ್ಮ ಸಂಜೆ ತರಗತಿ ಬಿಟ್ಟುಬಿಟ್ಟ. ಯಾಕೋ ಎಂದು ಕೇಳಿದ್ದಕ್ಕೆ, ‘ಮುಂದಿನ ಪಾಠ ತಿಳ್ಕೊಂಡರೆ ಮುಖದಲ್ಲಿ ಗೊತ್ತಾಗಿಬಿಡುತ್ತೆ ಅಕ್ಕ. ಅವಳಿಗಿಂತ ಹಿಂದೇನೇ ಇರಬೇಕು ನಾನು’ ಎಂದ. ಅಲ್ಲಿ ಆಗ ಗ್ರಾಫುಗಳ ಪಾಠ ಶುರುವಾಗಿತ್ತು. ಚುಕ್ಕೆಗಳು, ಚುಕ್ಕೆಗಳನ್ನು ಜೋಡಿಸುವ ಗೆರೆಗಳು, ಎಲ್ಲಿಂದ ಹೊರಟರೆ ಎಲ್ಲಿಗೆ ಮುಟ್ಟಬಹುದು ಎಂಬ ಲೆಕ್ಕ. ಅದಕ್ಕಾಗಿ ಅವನು ಎಷ್ಟು ಕಾದಿದ್ದ ಎಂದು ನನಗೆ ಗೊತ್ತು. ಮೇಡಂ ಫೋನು ಮಾಡಿ ಯಾಕೆ ಬರುತ್ತಿಲ್ಲ ಎಂದು ಕೇಳಿದಾಗ ಪಾಳಿ ಬದಲಾಗಿದೆ ಎಂದು ಸುಳ್ಳು ಹೇಳಿದ. ನನ್ನ ಕೋಣೆಗೆ ಬಂದರೂ ಸೀಮೆಸುಣ್ಣ ಮುಟ್ಟುತ್ತಿರಲಿಲ್ಲ. ಸುಮ್ಮನೆ ಕೂತು ರಸ್ತೆ ನೋಡುತ್ತಿದ್ದ. ಮಗಳು ಮಾತಾಡುತ್ತಿದ್ದಾಳೆ, ಇನ್ನೇನು ಬೇಕು ಎಂದು ನಾನು ಕೇಳಿದರೆ ‘ಏನೂ ಬೇಡ’ ಎನ್ನುತ್ತಿದ್ದ. ನನಗೆ ಸಂಕಟವಾಗುತ್ತಿತ್ತು. ಅವನಿಗೆ ತನ್ನದು ಅಂತ ಸಿಕ್ಕಿದ್ದು ಅದೊಂದೇ.

ಮರುಪರೀಕ್ಷೆ ಹತ್ತಿರ ಬಂತು. ಒಂದು ಸಂಜೆ ತಮ್ಮ ಕೆಳಗೆ ಬಂದು ಸ್ಟೂಲಿನ ಮೇಲೆ ಕುಕ್ಕರಿಸಿದ. ಮುಖ ನೋಡಿ ಹೆದರಿ ಯಂತ್ರ ನಿಲ್ಲಿಸಿದೆ.

‘ಅಕ್ಕ, ಇವತ್ತು ಇಂಡಕ್ಷನ್ ಹೇಳಿಕೊಟ್ಟಳು. ತಪ್ಪು ಹೇಳಿಕೊಟ್ಟಳು. ನಾನು ಬಿಡ್ತಿದ್ದೆನಲ್ಲ ಮೊದಲನೇ ಹೆಜ್ಜೆ, ಅವಳೂ ಅದನ್ನೇ ಬಿಟ್ಟಿದ್ದಾಳೆ. ಲೆಕ್ಕದ ಮೇಲೆ ಲೆಕ್ಕ ಹಾಗೇ ಮಾಡಿದಳು. ಹೋದ ಸಲ ಬಿದ್ದಿದ್ದೂ ಇದಕ್ಕೇ ಇರಬೇಕು.’

‘ನೀನೇನಂದೆ?’

‘ಹೌದು ಹೌದು ಅಂದೆ.’

‘ನಿನ್ನ ಬುದ್ಧಿಗಿಷ್ಟು! ಅಲ್ಲಿ ಹೋಗಿ ಅದನ್ನೇ ಬರೆದು ಮತ್ತೆ ಬಿದ್ದರೆ? ಆಮೇಲೆ ಆ ಹುಡುಗಿ ಕಾಲೇಜಿನ ಕಡೆ ತಲೆ ಹಾಕಿ ಮಲಗ್ತಾಳಾ?’

‘ಹೇಳಿದರೆ ಮುಗೀತು ಅಕ್ಕ. ನನಗೆ ಗೊತ್ತಿತ್ತು ಅಂತ ತಿಳಿದ ದಿನ ಅವಳು ಮತ್ತೆ ಬಾಯಿ ತೆಗೆಯಲ್ಲ. ಈ ಸಂಜೆಗಳು ಹೋದರೆ ನನಗೆ ಇನ್ನೇನಿದೆ?’

‘ನಿನ್ನ ಸಂಜೆಗೋಸ್ಕರ ಅವಳನ್ನ ಬೀಳಿಸ್ತೀಯಾ?’ ಎಂದೆ. ಸ್ವಲ್ಪ ಗಟ್ಟಿಯಾಗಿಯೇ ಅಂದೆ. ಅವನು ಎದ್ದು ಹೋದ. ಅಷ್ಟು ಒರಟಾಗಿ ಅನ್ನಬಾರದಿತ್ತೇನೋ ಎಂದುಕೊಳ್ಳುತ್ತ ನಾನು ಯಂತ್ರಕ್ಕೆ ಮುಸುಕು ಹಾಕಿದೆ.

ಮರುದಿನ ಸಂಜೆ ಅವನ ಕೆಲಸದ ಅಂಗಿಗೆ ಗುಂಡಿ ಹಾಕಿ ಕೊಡುವ ನೆಪ ಮಾಡಿಕೊಂಡು ಮೇಲೆ ಹೋದೆ. ಹೊರಬಾಗಿಲು ತೆರೆದಿತ್ತು. ಅಪ್ಪ ಮಗಳು ಮೇಜಿನ ಮುಂದೆ ಕೂತಿದ್ದರು, ನಡುವೆ ಕಾಗದ, ಪೆನ್ಸಿಲು. ನಾನು ಹೊಸ್ತಿಲಲ್ಲೇ ನಿಂತೆ.

‘ಪುಟ್ಟೀ, ನಿನ್ನೆ ಹೇಳಿದ್ದು ತಪ್ಪು’ ಎಂದ ತಮ್ಮ.

‘ಯಾವುದು?’

‘ಇಂಡಕ್ಷನ್.’ ಪೆನ್ಸಿಲು ತೆಗೆದುಕೊಂಡ. ‘ಪ್ರತಿ ಸಂಖ್ಯೆಯೂ ತನ್ನ ಮುಂದಿನ ಸಂಖ್ಯೆಗೆ ಸಮ ಅಂತ ಬರೀತೀನಿ. ನಿಜಾನಾ?’

‘ಹುಚ್ಚಾ ನಿನಗೆ? ಒಂದು ಎರಡಕ್ಕೆ ಸಮ ಆಗುತ್ತಾ?’

‘ಆಗಲ್ಲ. ಆದರೆ ನಿನ್ನ ರೀತೀಲಿ ಮಾಡಿದರೆ ಇದೂ ನಿಜ ಆಗಿಬಿಡುತ್ತೆ, ನೋಡು. ಯಾವುದೋ ಒಂದು ಸಂಖ್ಯೆಗೆ ಇದು ನಿಜ ಅಂದುಕೋ. ಎರಡೂ ಕಡೆ ಒಂದು ಕೂಡು. ಮುಂದಿನದಕ್ಕೂ ನಿಜ ಆಯ್ತು. ಹೆಜ್ಜೆಯೆಲ್ಲ ಸರಿ. ಹೊರಟಿದ್ದೇ ಸುಳ್ಳಿಂದ. ಮೊದಲನೇದಕ್ಕೆ ನಿಜ ಅಂತ ತೋರಿಸದೇ ಇದ್ದರೆ ಉಳಿದಿದ್ದಕ್ಕೆಲ್ಲ ಬೆಲೆ ಇಲ್ಲ.’

ಬರೆಯುವಾಗ ಅವನ ಕೈ ಎಲ್ಲೂ ತಡವರಿಸಲಿಲ್ಲ. ಪುಟ್ಟಿ ಕಾಗದ ನೋಡಲಿಲ್ಲ, ಆ ಕೈಯನ್ನೇ ನೋಡುತ್ತಿದ್ದಳು.

‘ಇದು ನಿನಗೆ ಯಾವಾಗಿಂದ ಗೊತ್ತು?’

‘ಮುಂಚಿನಿಂದ.’

‘ಗಣಗಳು?’

‘ಅದೂ.’

ಅವಳ ಕಿವಿಗಳು ಕೆಂಪಾದವು. ‘ಹಾಗಾದ್ರೆ ಇಷ್ಟು ದಿನ ನಾನು ಗಂಟಲು ಹರ್ಕೊಂಡು ಹೇಳ್ತಿದ್ದಾಗ ಸುಮ್ಮನೆ ಕೂತಿದ್ಯಾ? ನನ್ನನ್ನ ಆಟ ಆಡಿಸ್ತಿದ್ಯಾ?’

‘ಇಲ್ಲ.’

‘ಮತ್ಯಾಕೆ?’

‘ನೀನು ಮಾತಾಡ್ತಾ ಇದ್ದೆಯಲ್ಲ’ ಎಂದ ಅವನು.

ಇನ್ನು ಇವಳು ಎದ್ದು ಹೋಗುತ್ತಾಳೆ ಎಂದುಕೊಂಡೆ. ಅವನೂ ಹಾಗೆಯೇ ಅಂದುಕೊಂಡಿರಬೇಕು, ಪೆನ್ಸಿಲು ಕೆಳಗಿಟ್ಟು ಕೈಗಳನ್ನು ಮಡಿಲಿಗೆ ಎಳೆದುಕೊಂಡ. ಅವಳು ಏಳಲಿಲ್ಲ. ಕಾಗದದ ಮೂಲೆ ಮಡಿಸುತ್ತ, ಅವನ ಕಡೆ ನೋಡದೆ ಹೇಳಿದಳು:

‘ಕಾಲೇಜಲ್ಲಿ ಈ ಲೆಕ್ಕ ಎಲ್ಲರಿಗೂ ಕಷ್ಟಾನೇ ಅಪ್ಪ. ಗುಂಪು ಮಾಡ್ಕೊಂಡು ಕೂತು ಒಬ್ಬರಿಗೊಬ್ಬರು ಹೇಳಿಕೊಟ್ಟು ಪಾಸಾದ್ರು. ನನ್ನನ್ನ ಯಾರೂ ಕರೀಲಿಲ್ಲ. ನಾನೂ ಹೋಗಿ ಕೇಳಲಿಲ್ಲ. ಏನಂತ ಮಾತು ಶುರು ಮಾಡಬೇಕು ಅಂತಾನೇ ಗೊತ್ತಾಗಲಿಲ್ಲ. ದಿನಾ ಬೆಳಿಗ್ಗೆ ಹೋಗಿ ಸಂಜೆ ತನಕ ಯಾರ ಹತ್ರಾನೂ ಒಂದು ಮಾತಿಲ್ಲದೆ ವಾಪಸ್ ಬರ್ತಿದ್ದೆ. ಫೇಲಾಗಿದ್ದಕ್ಕಲ್ಲ ನಾನು ಬಿಟ್ಟಿದ್ದು.’

ತಮ್ಮ ಬಾಯಿ ತೆರೆದ. ಮತ್ತೆ ಪೆನ್ಸಿಲಿಗೆ ಕೈ ಹಾಕಿದ. ಮಾತಾಡೋ, ಈಗಲಾದರೂ ಮಾತಾಡೋ ಎಂದು ನಾನು ಹೊಸ್ತಿಲಲ್ಲಿ ಅಂಗಿ ಹಿಸುಕುತ್ತ ಮನಸ್ಸಿನಲ್ಲೇ ಅವನನ್ನು ಬೈದೆ. ಪುಟ್ಟಿ ಕಾಯುತ್ತ ಕೂತಿದ್ದಳು.

‘ಸಂಜೆ ಕ್ಲಾಸಲ್ಲಿ ನನ್ನ ಪಕ್ಕಾನೂ ಯಾರೂ ಕೂರ್ತಿರಲಿಲ್ಲ ಕಣೇ’ ಎಂದ ಕೊನೆಗೆ.

ಇದನ್ನು ಅವನು ನನಗೂ ಹೇಳಿರಲಿಲ್ಲ.